ಬಾತುಕೋಳಿಯ ಮರಿಗಳೂ ಕಾವುಗೂಡೂ

ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ನಿವೃತ್ತನಾದ ನನ್ನಂಥವನು ಬಾತುಕೋಳಿಯ ಮರಿಗಳನ್ನು ಸಾಕುವ ವಿಷಯವಾಗಿ ಲೇಖನವೊಂದನ್ನು ಬರೆಯಲು ಕುಳಿತಿರುವುದನ್ನು ಕಂಡು ವಾಚಕ ಮಹಾಶಯರು ನಗಬಹುದು. ನಗುವುದಕ್ಕೆ ಕಾರಣವೂ ಉಂಟು. ಹಂಸ, ಕಾದಂಬ, ಕಾರಂಡವ, ಚಕ್ರವಾಕ ಎಂಬ ಜಲಪಕ್ಷಿಗಳ ಹೆಸರುಗಳನ್ನು ಎಷ್ಟೋ ಮಕ್ಕಳಿಂದ ಕಂಠಪಾಠ ಮಾಡಿಸಿದ್ದೇನೆಯೇ ಹೊರತು, ಅವುಗಳ ಕುಲಕ್ಕೆ ಸೇರಿದ ಒಂದು ಮರಿಯನ್ನಾದರೂ ಅರುವತ್ತನೆಯ ವಯಸ್ಸಿನವರೆಗೆ ಕೈಯಲ್ಲಿ ಹಿಡಿದವನಲ್ಲ. ಹಿಡಿದ ಮೊದಲನೆಯ ದಿವಸವೇ ನಾಲ್ಕು ಮರಿಗಳ ಮರಣಕ್ಕೆ ಕಾರಣನಾದೆನು. ಹೊಸದಾಗಿ ಸಾಕಲು ಹೊರಟ ಗೃಹಸ್ಥರೂ ಗೃಹಿಣಿಯರೂ ಅದೇ ತಪ್ಪನ್ನು ಮಾಡದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ನಮ್ಮದು ಮಂಡ್ಯದ ಕಡೆಯ ನಾಲೆಯ ಬಯಲಿನ ಊರು. ಮನೆಯ ಹಿಂದೆ ಸ್ವಲ್ಪ ಹಿತ್ತಲು, ಅದರಾಚೆಗೆ ಭತ್ತದ ಗದ್ದೆ. ಗದ್ದೆಯ ಬಸವನ ಹುಳುಗಳನ್ನೂ ಕ್ರಿಮಿಗಳನ್ನೂ ಬಾತುಕೋಳಿಗಳು ಆರಿಸಿ ತಿನ್ನುವುವೆಂದೂ, ಮೊಟ್ಟೆಗಳು ಮಾರಾಟಕ್ಕೆ ಒದಗುವುವೆಂದೂ ಯಾರೋ ಹೇಳಿದ್ದನ್ನು ಕೇಳಿ, ನನ್ನ ಮಗನು ೨೦೨೪ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಒಂದು ದಿವಸದ ಹನ್ನೆರಡು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ಬಂದನು. ಮಾರಿದವನು ಹಣವನ್ನು ಎಣಿಸಿಕೊಂಡನಲ್ಲದೆ ಸಾಕುವ ಕ್ರಮವನ್ನು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಆ ಮರಿಗಳು ಖಾಕಿ ಕ್ಯಾಂಪ್‌ಬೆಲ್ ಎಂಬ ಜಾತಿಯವು. ಈ ಜಾತಿಯ ಉತ್ಪತ್ತಿಯು ಗೃಹಿಣಿಯರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಡಿಯನ್ ರನ್ನರ್ ಎಂಬ ಜಾತಿಯ ಹೆಣ್ಣನ್ನು ರೂಆನ್ ಜಾತಿಯ ಗಂಡಿನೊಡನೆ ಕೂಡಿಸಿ, ಅನಂತರ ಕಾಡುಬಾತುವಿನ ರಕ್ತವನ್ನೂ ಬೆರೆಸಿ, ಇದನ್ನು ಸಿದ್ಧಪಡಿಸಿದಳು. ಒಳ್ಳೆಯ ಆರೈಕೆಯಿದ್ದರೆ ಇದರ ಒಂದು ಹೆಣ್ಣು ವರ್ಷಕ್ಕೆ ಮುನ್ನೂರರವರೆಗೂ ಮೊಟ್ಟೆಗಳನ್ನಿಡಬಲ್ಲುದು. ಆದರೆ ಮೊಟ್ಟೆಗಳಿಗಾಗಿಯೇ ಆರಿಸಿ ಆರಿಸಿ ಬೆಳೆಸಿದುದರಿಂದ ಕಾವು ಕೂರುವ ಬುದ್ಧಿಯು ಇದರಲ್ಲಿ ಬಹಳ ಮಟ್ಟಿಗೆ ಲೋಪವಾಗಿಹೋಗಿದೆ. ಆದಕಾರಣ ಇದರ ಮೊಟ್ಟೆಗಳನ್ನು ಇಪ್ಪತ್ತೆಂಟು ದಿವಸ ಯಂತ್ರದಲ್ಲಿಯೋ ಊರಕೋಳಿಯ ಕೆಳಗೋ ಇಟ್ಟು ಮರಿ ಮಾಡಿಸಬೇಕು. ಯಂತ್ರದಿಂದ ಬಂದ ಮರಿಗೆ ಹುಟ್ಟಿದಂದಿನಿಂದಲೇ ತಾಯಿಯಿಲ್ಲ. ತಾಯಿಯು ಮಾಡಬೇಕಾಗಿದ್ದ ಕೆಲಸಗಳನ್ನೆಲ್ಲ ನಾವು ಒಂದೊಂದಾಗಿ ವಹಿಸಿಕೊಳ್ಳಬೇಕು. ಬ್ರೂಡರ್ ಎಂದು ಇಂಗ್ಲಿಷಿನಲ್ಲಿ ಕರೆಯುವ ಸಲಕರಣೆಯು ಇದಕ್ಕಾಗಿಯೇ ಇರುವುದು. ನಾನು ಅದನ್ನು ಕಾವುಗೂಡು ಎಂದು ಕರೆಯುವೆನು.

ಪಕ್ಷಿಗೆ ಸಂಸ್ಕೃತದಲ್ಲಿ ದ್ವಿಜವೆಂದು ಹೆಸರು: ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಇನ್ನೊಮ್ಮೆ ಹುಟ್ಟುವುದರಿಂದ. ಎರಡನೆಯ ಹುಟ್ಟಿಗೆ ಮುಂಚೆ ಮರಿಯು ಮೊಟ್ಟೆಯಲ್ಲಿ ಉಳಿದ ಹಳದಿಯ ಭಾಗವನ್ನು ತನ್ನ ಹೊಟ್ಟೆಯೊಳಗೆ ಎಳೆದುಕೊಂಡು ಬುತ್ತಿಯಂತೆ ಇಟ್ಟುಕೊಳ್ಳುವುದು. ಈ ಬುತ್ತಿಯ ಬಲದಿಂದ ಅದು ಸುಮಾರು ಎರಡು ದಿವಸ ಆಹಾರವಿಲ್ಲದೆ ಇರಬಲ್ಲುದು. ದೂರದ ಊರುಗಳಿಂದ ಮರಿಗಳನ್ನು ತರಿಸಿಕೊಳ್ಳುವುದು ಸಾಧ್ಯವಾಗಿರುವುದು ಇದರಿಂದಲೇ. ಹಸಿವನ್ನು ಅದು ತಡೆದೀತು, ಚಳಿಯನ್ನು ತಡೆಯಲಾರದು.

ಇನ್ನು ನನ್ನ ಕಥೆ. ಮರಿಗಳು ಮನೆಗೆ ಬಂದಾಗ ಸಂಜೆಯಾಗಿತ್ತು, ಜಡಿಮಳೆ ಹಿಡಿದಿತ್ತು. ದಾರಿಯಲ್ಲಿ ತಮ್ಮ ಹಿಕ್ಕೆಯನ್ನು ತಾವೇ ತುಳಿದು ಮರಿಗಳು ಕೊಳೆಯಾಗಿದ್ದುವು. ಒಂಬತ್ತು ವರ್ಷದ ನನ್ನ ಮೊಮ್ಮಗಳು ಓಡಿಬಂದು, "ತಾತ, ಇವಕ್ಕೆ ಸ್ನಾನ ಮಾಡಿಸಬಹುದೇ?" ಎಂದು ಕೇಳಿದಳು. ನಾನು ವೃತ್ತಪತ್ರಿಕೆಯಿಂದ ತಲೆಯೆತ್ತದೆ, "ಬಾತುಕೋಳಿಗೆ ನೀರೇ ಮನೆಯಲ್ಲವೇ ಮಗು, ಬಿಡು" ಎಂದೆನು. ಅವಳು ಬಟ್ಟೆ ನೆನೆಹಾಕುವ ದೊಡ್ಡ ಟಬ್ಬಿಗೆ ನೀರನ್ನು ತುಂಬಿ ಹನ್ನೆರಡನ್ನೂ ಬಿಟ್ಟಳು. ಅವು ತೇಲಿದ ಸೊಗಸನ್ನು ಏನೆಂದು ಹೇಳಲಿ! ಒಂದು ದಿವಸದ ಮರಿಗಳು ಯಾರೂ ಕಲಿಸದೆ ಕಾಲಿನಿಂದ ಹುಟ್ಟುಹಾಕುತ್ತ ಸುತ್ತಿದುವು, ಮುಳುಗಿದುವು, ಎದ್ದುವು. ನಮ್ಮ ಮನೆಯವರೂ ಅಡಿಗೆಯನ್ನು ಬಿಟ್ಟು ಬಂದು ನೋಡಿ ನಕ್ಕರು. ಕಾಲು ಗಂಟೆಯಾದ ಮೇಲೆ ಮರಿಗಳು ನೀರಿನಲ್ಲಿ ತಗ್ಗತೊಡಗಿದುವು. ತುಪ್ಪುಳು ಮೈಗೆ ಅಂಟಿಕೊಂಡಿತ್ತು. ಟಬ್ಬಿನ ಅಂಚು ನುಣುಪಾಗಿದ್ದುದರಿಂದ ಹತ್ತಿ ಹೊರಗೆ ಬರಲೂ ಅವಕ್ಕೆ ಆಗಲಿಲ್ಲ. ನಾವು ಅವುಗಳನ್ನೆತ್ತಿ, ಬಟ್ಟೆಯಿಂದ ಒತ್ತಿ, ಪೆಟ್ಟಿಗೆಯಲ್ಲಿಟ್ಟು, ಮೇಲೆ ದೀಪವನ್ನು ತೂಗುಹಾಕಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಎಲ್ಲವೂ ಒಂದು ಮೂಲೆಯಲ್ಲಿ ಗುಡ್ಡೆಯಾಗಿ ಒತ್ತಿಕೊಂಡಿದ್ದುವು. ಗುಡ್ಡೆಯ ಕೆಳಗಣ ನಾಲ್ಕು ಸತ್ತಿದ್ದುವು.

"ನಾನೇ ಕೊಂದೆ" ಎಂದು ಮಗುವು ಅಜ್ಜಿಯ ಸೆರಗಿನಲ್ಲಿ ಮುಖವನ್ನಿಟ್ಟು ಅತ್ತಳು. ನಾನು ಜಗಲಿಯ ಮೇಲೆ ಕುಳಿತು ಆ ಮಾತನ್ನು ಕೇಳಿದೆನು, ಕೇಳಿಯೂ ಸುಮ್ಮನಿದ್ದೆನು. ಬಿಡೆಂದು ಹೇಳಿದವನು ನಾನು ಎಂಬುದನ್ನು ಅವಳ ಮುಂದೆ ಒಪ್ಪಿಕೊಳ್ಳಲು ನನಗೆ ಎರಡು ದಿವಸ ಹಿಡಿಯಿತು. ಮೂರನೆಯ ದಿವಸ ಹೇಳಿದಾಗ ಅವಳು, "ನಿಮಗೆ ಗೊತ್ತಿರಲಿಲ್ಲವೇ ತಾತ?" ಎಂದಳು. ಇಲ್ಲವೆಂದೆನು. "ಹಾಗಾದರೆ ಏಕೆ ಹೇಳಿದಿರಿ?" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತರ್ಕಶಾಸ್ತ್ರವನ್ನು ಓದಿದವರಿಗೆ ನನ್ನ ತಪ್ಪು ಸುಲಭವಾಗಿ ತಿಳಿಯುವುದು: 'ಇದು ಜಲಪಕ್ಷಿ, ಆದುದರಿಂದ ಇದಕ್ಕೆ ಜಲವು ಹಿತ' ಎಂಬ ಅನುಮಾನದಲ್ಲಿ ಹೇತುವು ಸವ್ಯಭಿಚಾರವಾದುದು. ಇಂತಹ ಹೇತ್ವಾಭಾಸವನ್ನು ಪರೀಕ್ಷೆಯಲ್ಲಿ ಬರೆದ ಹುಡುಗನಿಗೆ ನಾನು ಅಂಕವನ್ನು ಕೊಡುತ್ತಿರಲಿಲ್ಲ.

ನಿಜಸ್ಥಿತಿಯು ಹೀಗಿದೆ. ದೊಡ್ಡ ಬಾತುಕೋಳಿಯ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯೊಂದುಂಟು. ಅದರ ಜಿಡ್ಡನ್ನು ಅದು ಕೊಕ್ಕಿನಿಂದ ತೆಗೆದು ಗರಿಗಳಿಗೆ ಸವರಿಕೊಳ್ಳುವುದು. ಗರಿಗಳ ಒತ್ತಾದ ಹೆಣಿಗೆಯೂ ಈ ಜಿಡ್ಡೂ ಸೇರಿ ನೀರನ್ನು ಮೈಗೆ ತಾಗಗೊಡವು. ಮರಿಗೆ ಗರಿಗಳಿಲ್ಲ, ತುಪ್ಪುಳು ಮಾತ್ರ. ತಾಯಿಯೊಡನಿರುವ ಮರಿಯು ನೀರಿಗಿಳಿದರೂ ಬೇಗನೆ ಹಿಂದಿರುಗಿ ತಾಯಿಯ ಹೊಟ್ಟೆಯ ಕೆಳಗೆ ನುಗ್ಗಿ ಒಣಗಿ ಬೆಚ್ಚಗಾಗುವುದು. ತಾಯಿಯ ಗರಿಗಳಿಗೆ ಉಜ್ಜಿಕೊಳ್ಳುವುದರಿಂದ ಅದರ ತುಪ್ಪುಳಿಗೂ ಜಿಡ್ಡು ತಗಲುವುದೆಂದು ಹೇಳುವರು. ಯಂತ್ರದ ಮರಿಗೆ ಈ ಆಶ್ರಯವಿಲ್ಲ. ಅದು ನೆನೆಯುವುದು, ನೆನೆದು ನಡುಗುವುದು, ನಡುಗುತ್ತ ಒಂದರ ಮೇಲೊಂದು ಬೀಳುವುದು. ಆದಕಾರಣ ಮೊದಲ ಮೂರು ವಾರ ಕುಡಿಯುವುದಕ್ಕೆ ನೀರು, ಈಜುವುದಕ್ಕೆ ನೀರಲ್ಲ.

ಆ ರಾತ್ರಿ ಇನ್ನೊಂದು ತಪ್ಪೂ ನಡೆದಿತ್ತು. ನಾವು ತೂಗುಹಾಕಿದ್ದುದು ಈ ಕಾಲದ ಎಲ್‌ಇಡಿ ದೀಪ. ಅದು ಬೆಳಕನ್ನು ಧಾರಾಳವಾಗಿ ಕೊಡುವುದು, ಕಾವನ್ನು ಕೊಡುವುದಿಲ್ಲವೆಂದೇ ಹೇಳಬಹುದು. ಹಿಂದಿನ ಕಾಲದ ತಂತಿಯ ಬಲ್ಬು ವಿದ್ಯುತ್ತಿನ ಬಹುಭಾಗವನ್ನು ಶಾಖವಾಗಿ ಕಳೆಯುತ್ತಿತ್ತು. ಅಡಿಗೆಮನೆಯಲ್ಲಿ ಅದು ದೋಷ, ಕಾವುಗೂಡಿನಲ್ಲಿ ಅದೇ ಗುಣ. ಈಗ ಅಂತಹ ಬಲ್ಬುಗಳು ಎಲ್ಲ ಅಂಗಡಿಗಳಲ್ಲಿಯೂ ದೊರೆಯವು. ಹುಡುಕಿ ಅರುವತ್ತು ಅಥವಾ ನೂರು ವ್ಯಾಟಿನದನ್ನು ತರಬೇಕು. ಒಂದಲ್ಲ, ಎರಡು: ಒಂದು ನಡುರಾತ್ರಿಯಲ್ಲಿ ಕೆಟ್ಟರೆ ಬದಲಿಗಿರಲಿ.

ಹತ್ತು ಹನ್ನೆರಡು ಮರಿಗಳಿಗೆ ಕಾವುಗೂಡನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಒಂದೂವರೆ ಅಡಿ ಎತ್ತರದ ಬಿದಿರಿನ ಚಾಪೆಯನ್ನಾಗಲಿ ಗಟ್ಟಿಯಾದ ರಟ್ಟನ್ನಾಗಲಿ ಬಳೆಯಂತೆ ಬಗ್ಗಿಸಿ, ಮೂರಡಿ ಅಗಲದ ವೃತ್ತವಾಗುವಂತೆ ನಿಲ್ಲಿಸಬೇಕು. ಚೌಕವಾದ ಪೆಟ್ಟಿಗೆಗಿಂತ ವೃತ್ತವು ಮೇಲು. ಮೂಲೆಯಿದ್ದರಲ್ಲವೇ ಮೂಲೆಯಲ್ಲಿ ಒತ್ತಿಕೊಂಡು ಸಾಯುವುದು! ಬಾತಿನ ಮರಿಯು ಕೋಳಿಮರಿಗಿಂತ ಬೇಗ ಬೆಳೆಯುವುದರಿಂದ ಎರಡನೆಯ ವಾರದ ಕೊನೆಗೇ ಸ್ಥಳವನ್ನು ಇಮ್ಮಡಿ ಮಾಡಬೇಕು. ಗಾಳಿಯು ನೇರವಾಗಿ ನೆಲದ ಮೇಲೆ ಬೀಸಕೂಡದು. ಆದರೆ ಮೇಲ್ಭಾಗವನ್ನು ಪೂರ್ತಿಯಾಗಿ ಮುಚ್ಚಲೂ ಕೂಡದು. ಬೆಕ್ಕು, ಇಲಿ, ಮುಂಗುಸಿಗಳ ಭಯವಿರುವಲ್ಲಿ ಮೇಲೆ ಅರ್ಧ ಅಂಗುಲ ಕಣ್ಣಿನ ತಂತಿಬಲೆಯನ್ನು ಹಾಕಬೇಕು. ಒಂದು ಇಲಿಯು ಒಂದು ರಾತ್ರಿಯಲ್ಲಿ ಮಾಡುವ ಹಾನಿಯನ್ನು ನಮ್ಮ ನೆರೆಮನೆಯವರು ಅನುಭವಿಸಿದ್ದಾರೆ.

ಬಲ್ಬನ್ನು ನಡುವೆ ತೂಗುಹಾಕದೆ ಒಂದು ಪಕ್ಕಕ್ಕೆ ಹಾಕುವುದು ಒಳ್ಳೆಯದು. ಆಗ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇರುವುದರಿಂದ ಮರಿಯು ತನಗೆ ಬೇಕಾದೆಡೆಗೆ ಹೋಗಬಹುದು. ವಿದ್ಯುತ್ತಿನ ತಂತಿಯನ್ನೇ ನಂಬದೆ ಸರಪಣಿಯಿಂದಲೋ ಕಂಬಿಯಿಂದಲೋ ಭದ್ರವಾಗಿ ಕಟ್ಟಬೇಕು. ಬಲ್ಬು ಕಳಚಿ ಹೊಟ್ಟಿನ ಮೇಲೆ ಬಿದ್ದರೆ ಮನೆಗೇ ಬೆಂಕಿ. ಮರಿಯ ಬೆನ್ನಿನ ಮಟ್ಟದಲ್ಲಿ ಉಷ್ಣಮಾಪಕವನ್ನಿಟ್ಟು ನೋಡಿದರೆ ಮೊದಲ ವಾರ ಬಿಸಿಯ ಕಡೆ ಸುಮಾರು ೩೨ ಡಿಗ್ರಿ ಸೆಲ್ಸಿಯಸ್ ಇರತಕ್ಕದ್ದು. ವಾರಕ್ಕೆ ಸುಮಾರು ೩ ಡಿಗ್ರಿಯಂತೆ ಇಳಿಸುತ್ತ ನಾಲ್ಕನೆಯ ವಾರಕ್ಕೆ ೨೪ರ ಹತ್ತಿರಕ್ಕೆ ತರಬೇಕು. ಇಳಿಸುವುದೆಂದರೆ ಬಲ್ಬನ್ನು ಮೇಲಕ್ಕೆತ್ತುವುದು, ಅಷ್ಟೆ. ನಮ್ಮ ಕಡೆಯ ಬೇಸಗೆಯಲ್ಲಿ ಹಗಲು ಬಲ್ಬೇ ಬೇಡವಾಗಬಹುದು. ಮಳೆಗಾಲದ ರಾತ್ರಿಯಲ್ಲಿ ನಾಲ್ಕು ವಾರವೂ ಬೇಕಾಗಬಹುದು.

ಆದರೆ ಉಷ್ಣಮಾಪಕಕ್ಕಿಂತ ಮರಿಗಳೇ ನಂಬಿಕೆಗೆ ಅರ್ಹವಾದುವು. ಬಲ್ಬಿನ ಕೆಳಗೆ ಗುಂಪಾಗಿ ಒತ್ತಿಕೊಂಡು ಕರ್ಕಶವಾಗಿ ಕೂಗಿದರೆ ಚಳಿ. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿಕೊಂಡಿದ್ದರೆ ಎದುರುಪಕ್ಕದಿಂದ ಗಾಳಿ ನುಗ್ಗುತ್ತಿದೆಯೆಂದು ತಿಳಿಯಬೇಕು. ಅಲ್ಲೊಂದು ಇಲ್ಲೊಂದಾಗಿ ಕಾಲು ಚಾಚಿ ಮಲಗಿ, ತಮ್ಮತಮ್ಮೊಳಗೆ ಮೆಲ್ಲನೆ ಪಿಸುಗುಟ್ಟುತ್ತಿದ್ದರೆ ನೀವು ನಿಶ್ಚಿಂತೆಯಾಗಿ ಮಲಗಬಹುದು. ಈ ಪಿಸುಮಾತನ್ನು ಒಂದು ಸಲ ಗುರುತಿಸಿದವರು ಮತ್ತೆ ಮರೆಯುವುದಿಲ್ಲ. ನಮ್ಮ ಮನೆಯವರು ಅಡಿಗೆಮನೆಯಿಂದಲೇ ಕಿವಿಗೊಟ್ಟು, "ಚಳಿಯಂತೆ, ನೋಡಿ" ಎನ್ನುತ್ತಿದ್ದರು. ಒಂದು ಸಲವೂ ತಪ್ಪಿದುದಿಲ್ಲ.

ವಿದ್ಯುತ್ತು ಹೋದಾಗ ಏನು ಮಾಡಬೇಕು? ಹಳ್ಳಿಯಲ್ಲಿ ಈ ಪ್ರಶ್ನೆಯು ಮೊದಲೇ ಏಳುವುದು. ಮುಚ್ಚಳವು ಬಿಗಿಯಾಗಿರುವ ಪಾತ್ರೆಯಲ್ಲಿಯೋ ಬಾಟಲಿನಲ್ಲಿಯೋ ಬಿಸಿನೀರನ್ನು ತುಂಬಿ, ಗೋಣಿತಟ್ಟಿನಿಂದ ಸುತ್ತಿ ಗೂಡಿನ ನಡುವೆ ಇಟ್ಟು, ಮೇಲೆ ಅರ್ಧಕ್ಕೆ ಕಂಬಳಿಯನ್ನು ಹೊದಿಸಿದರೆ ಕೆಲವು ಗಂಟೆಗಳ ಕಾಲ ಸಾಗುವುದು. ಇದ್ದಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಕೂಡದು. ಅದರಿಂದ ಹೊರಡುವ ವಿಷಾನಿಲವು ಮರಿಗಳಿಗೆ ಮಾತ್ರವಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯರಿಗೂ ಮಾರಕ.

ಇನ್ನು ನೀರಿನ ಪಾತ್ರೆ. ಬಾತಿನ ಮರಿಯು ಕೊಕ್ಕನ್ನು ಮೂಗಿನ ರಂಧ್ರಗಳವರೆಗೆ ನೀರಿನಲ್ಲಿ ಅದ್ದಿ ತೊಳೆದುಕೊಳ್ಳಬೇಕು. ಇಲ್ಲವಾದರೆ ಹಿಟ್ಟಿನಂಥ ಆಹಾರವು ರಂಧ್ರಗಳಲ್ಲಿ ಮೆತ್ತಿಕೊಂಡು ಒಣಗುವುದು. ಆದುದರಿಂದ ನೀರು ಎರಡು ಅಂಗುಲದಷ್ಟಾದರೂ ಆಳವಾಗಿರಬೇಕು, ಆದರೆ ಮರಿಯ ಮೈ ಒಳಗೆ ಹೋಗಕೂಡದು. ಇದಕ್ಕೆ ನನ್ನ ಸೊಸೆಯು ಕಂಡುಹಿಡಿದ ಉಪಾಯವಿದು: ತಗ್ಗಾದ ಬೋಗುಣಿಯೊಂದರ ನಡುವೆ ಭಾರವಾದ ಬಟ್ಟಲನ್ನು ಬೋರಲು ಹಾಕಿದರೆ, ಸುತ್ತಲೂ ಕೊಕ್ಕು ಮಾತ್ರ ಹಿಡಿಸುವ ಕಾಲುವೆಯು ಉಳಿಯುವುದು. ಬೋಗುಣಿಯನ್ನು ನೆಲದ ಮೇಲಿಡದೆ, ತಗ್ಗಾದ ತಟ್ಟೆಯ ಮೇಲೆ ತಂತಿಬಲೆಯನ್ನು ಹಾಸಿ ಅದರ ಮೇಲಿಟ್ಟರೆ ಚೆಲ್ಲಿದ ನೀರು ತಟ್ಟೆಗೆ ಇಳಿಯುವುದು.

ಹೇಗೆ ಮಾಡಿದರೂ ಚೆಲ್ಲಿಯೇ ಚೆಲ್ಲುವುವು. ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸದ ವಿವೇಕವನ್ನು ನಾನು ಎಷ್ಟೋ ಸಲ ವರ್ಣಿಸಿದ್ದೆನು. ಅದರ ಈ ಬಂಧುಗಳು ಆಹಾರವನ್ನು ನೀರಿಗೂ ನೀರನ್ನು ಆಹಾರಕ್ಕೂ ಬೆರೆಸಿ, ಎರಡನ್ನೂ ನೆಲಕ್ಕೆ ಬೆರೆಸಿ, ಅರ್ಧ ಗಂಟೆಯೊಳಗೆ ಕೆಸರಿನ ಗದ್ದೆಯನ್ನು ಮಾಡಿಡುವುವು. ಆದರೂ ಆಹಾರವನ್ನಿಟ್ಟು ನೀರನ್ನು ತೆಗೆಯುವ ಶಿಕ್ಷೆಯನ್ನು ವಿಧಿಸಬಾರದು. ಒಣ ಆಹಾರವು ನೀರಿಲ್ಲದೆ ಅವುಗಳ ಗಂಟಲಿನಲ್ಲಿ ಸಿಕ್ಕಿಕೊಳ್ಳುವುದು. ರಾತ್ರಿಯಲ್ಲಿ ತೆಗೆಯುವುದಾದರೆ ಎರಡನ್ನೂ ತೆಗೆಯಬೇಕು, ಬೆಳಿಗ್ಗೆ ಮೊದಲು ನೀರನ್ನಿಡಬೇಕು.

ಹಾಸಿಗೆಯ ವಿಷಯದಲ್ಲಿ ಹಳೆಯ ವೃತ್ತಪತ್ರಿಕೆಯು ಅಗ್ಗವೆಂದು ಹಾಸಬೇಡಿ. ಅದರ ನುಣುಪಿಗೆ ಮರಿಯ ಕಾಲುಗಳು ಎರಡು ಪಕ್ಕಕ್ಕೂ ಜಾರಿ, ಕೆಲವೇ ದಿವಸಗಳಲ್ಲಿ ಸೊಟ್ಟಗಾಗುವುವು. ಮೊದಲ ಮೂರು ದಿವಸ ಗೋಣಿತಟ್ಟು, ಅನಂತರ ಎರಡಂಗುಲ ಭತ್ತದ ಹೊಟ್ಟು. ಒದ್ದೆಯಾದ ಭಾಗವನ್ನು ದಿವಸಕ್ಕೆ ಎರಡು ಸಲ ತೆಗೆದು ಹೊಸದನ್ನು ಹಾಕಬೇಕು. ಒದ್ದೆ ಹೊಟ್ಟಿನಲ್ಲಿ ಬೂಷ್ಟು ಬೆಳೆದು ಮರಿಗಳ ಶ್ವಾಸಕೋಶಕ್ಕೆ ರೋಗವನ್ನು ತರುವುದು.

ಆಹಾರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಇಲ್ಲಿಯೂ ನಾವು ಎಡವಿದೆವು. ಶೇಕಡ ೨೦ರಷ್ಟು ಸಸಾರಜನಕವಿರುವ ಮರಿ ಆಹಾರವು ಬೇಕು. ನಮ್ಮ ಪೇಟೆಯಲ್ಲಿ ಬಾತಿನ ಆಹಾರವು ದೊರೆಯದೆ ಕೋಳಿಮರಿಯ ಆಹಾರವನ್ನೇ ನೀರಿನಲ್ಲಿ ಪುಡಿಪುಡಿಯಾಗಿ ಕಲಸಿ ಹಾಕುತ್ತಿದ್ದೆವು. ಮೂರನೆಯ ವಾರದಲ್ಲಿ ಒಂದು ಮರಿಯು ನಡೆಯಲಾರದೆ ಮೊಣಕಾಲಿನ ಮೇಲೆ ಕುಳಿತುಬಿಟ್ಟಿತು. ಕಾಲುಗಳು ಬಿಲ್ಲಿನಂತೆ ಬಾಗಿದ್ದುವು. ಮೊಮ್ಮಗಳು ಅದನ್ನು ಮಡಿಲಿನಲ್ಲಿಟ್ಟುಕೊಂಡು ನನ್ನನ್ನು ನೋಡಿದಳು; ಈ ಸಲ ನಾನು ಏನನ್ನೂ ಹೇಳದೆ ಪಶುವೈದ್ಯರ ಬಳಿಗೆ ಹೊರಟೆನು. ಅವರು ನೋಡಿದೊಡನೆಯೇ, ನಯಾಸಿನ್ ಎಂಬ ಜೀವಸತ್ತ್ವದ ಕೊರತೆಯೆಂದರು. ಕೋಳಿಮರಿಯು ಇತರ ಪದಾರ್ಥದಿಂದ ಇದನ್ನು ತಕ್ಕಮಟ್ಟಿಗೆ ತನ್ನ ಮೈಯಲ್ಲಿಯೇ ಮಾಡಿಕೊಳ್ಳುವುದು. ಬಾತಿನ ಮರಿಗೆ ಆ ಶಕ್ತಿಯು ಕಡಿಮೆ. ಅದಕ್ಕೆ ಒಂದು ಕಿಲೋಗ್ರಾಂ ಆಹಾರದಲ್ಲಿ ಸುಮಾರು ೫೫ ಮಿಲಿಗ್ರಾಂ ನಯಾಸಿನ್ ಬೇಕು; ಕೋಳಿಮರಿಗೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾದರೆ ಸಾಕಾಗುವುದು. ಬ್ರೂಅರ್ಸ್ ಯೀಸ್ಟ್ ಎಂಬ ಪುಡಿಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಆಹಾರಕ್ಕೆ ಬೆರೆಸಿದೆವು. ರೊಟ್ಟಿಯನ್ನು ಉಬ್ಬಿಸಲು ಹಾಕುವ ಯೀಸ್ಟು ಇದಲ್ಲ, ಜೋಕೆ. ಬೇಗನೆ ಗುರುತಿಸಿದುದರಿಂದ ಆ ಮರಿಯು ಚೇತರಿಸಿಕೊಂಡಿತು. ತಡವಾಗಿದ್ದರೆ ಕಾಲುಗಳು ನೆಟ್ಟಗಾಗುತ್ತಿರಲಿಲ್ಲವೆಂದು ವೈದ್ಯರು ಹೇಳಿದರು.

ಮನೆಯಲ್ಲಿ ಉಳಿದ ಕಡಲೆಕಾಯಿ ಹಿಂಡಿಯನ್ನು ಹಾಕೋಣವೆಂದು ನನ್ನ ಮಗನು ಯೋಚಿಸಿದ್ದನು. ಅದನ್ನೂ ಅವರು ತಡೆದರು. ಅದರ ಕಾರಣವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ೧೯೬೦ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತುವು. ಬಾತಿನ ಮರಿಗಳೂ ಸತ್ತುವು. ಶೋಧಿಸಿದಾಗ ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ವಿಷವನ್ನುಂಟುಮಾಡಿದ್ದುದು ತಿಳಿಯಿತು. ಆ ಬೂಷ್ಟಿನ ಹೆಸರಿನ ತುಣುಕುಗಳನ್ನೇ ಜೋಡಿಸಿ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಬಾತಿನ ಮರಿಯು ಈ ವಿಷಕ್ಕೆ ಎಷ್ಟು ಬೇಗ ತುತ್ತಾಗುವುದೆಂದರೆ, ಆಹಾರದಲ್ಲಿ ವಿಷವಿದೆಯೇ ಎಂಬುದನ್ನು ಪರೀಕ್ಷಿಸಲು ವಿಜ್ಞಾನಿಗಳು ಅದನ್ನೇ ಬಳಸುತ್ತಿದ್ದರು. ಮುಗ್ಗು ಹಿಡಿದ ಹಿಂಡಿ, ಜೋಳ, ಅಕ್ಕಿನುಚ್ಚು ಯಾವುದನ್ನೂ ಹಾಕಬೇಡಿ; ಒಣಗಿಸಿದರೂ ಬೇಯಿಸಿದರೂ ಆ ವಿಷವು ಹೋಗುವುದಿಲ್ಲ. ಸಣ್ಣಗೆ ಹೆಚ್ಚಿದ ಸೊಪ್ಪನ್ನು ಎರಡನೆಯ ವಾರದಿಂದ ಸ್ವಲ್ಪಸ್ವಲ್ಪವಾಗಿ ಕೊಡಬಹುದು.

ಉಳಿದ ಎಂಟು ಮರಿಗಳು ನನ್ನ ಮೊಮ್ಮಗಳನ್ನು ಬಿಟ್ಟು ಇರುತ್ತಿರಲಿಲ್ಲ. ಅವಳು ಹಿತ್ತಲಿಗೆ ಹೋದರೆ ಹಿತ್ತಲಿಗೆ, ಜಗಲಿಗೆ ಬಂದರೆ ಜಗಲಿಗೆ, ಸಾಲಾಗಿ ಹಿಂಬಾಲಿಸುತ್ತಿದ್ದುವು. ಇದನ್ನು ಮೊದಲು ಕ್ರಮವಾಗಿ ವಿವರಿಸಿ ೧೯೩೫ರಲ್ಲಿ ಬರೆದವನು ಆಸ್ಟ್ರಿಯಾ ದೇಶದ ಕಾನ್‌ರಾಡ್ ಲೊರೆಂಟ್ಸ್. ಇಂತಹ ಪಕ್ಷಿಗಳ ಮರಿಯು ಹುಟ್ಟಿದ ಮೊದಲ ಗಂಟೆಗಳಲ್ಲಿ ಎದುರಿಗೆ ಚಲಿಸುವುದನ್ನು ತಾಯಿಯೆಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುವುದೆಂದು ಅವನು ತೋರಿಸಿದನು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ೧೯೭೩ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡನು. ಒಂದೇ ಮರಿಯನ್ನು ತಂದು ಸಾಕಬೇಡಿರೆಂದು ಹೇಳುವುದು ಇದರಿಂದಲೇ. ಅದು ಮನುಷ್ಯರನ್ನು ಬಿಟ್ಟು ಕ್ಷಣವೂ ಇರಲಾರದೆ ಕೂಗುತ್ತಿರುವುದು. ಮಕ್ಕಳು ಮರಿಗಳಿಗೆ ಮುತ್ತಿಡುವುದನ್ನು ಮಾತ್ರ ತಡೆಯಬೇಕು, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿಸಬೇಕು. ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣುವಿರಬಹುದು.

ನಾಲ್ಕನೆಯ ವಾರದಲ್ಲಿ, ಬಿಸಿಲು ಚೆನ್ನಾಗಿದ್ದ ಒಂದು ಮಧ್ಯಾಹ್ನ, ತಗ್ಗಾದ ತಟ್ಟೆಯಲ್ಲಿ ಮೂರಂಗುಲ ನೀರನ್ನು ಹಾಕಿ, ಹತ್ತಿ ಬರಲು ಇಟ್ಟಿಗೆಗಳನ್ನಿಟ್ಟು, ಐದು ನಿಮಿಷ ಬಿಟ್ಟೆವು. ಮೊಮ್ಮಗಳು ಕೈಯಲ್ಲಿ ಒಣ ಟವಲನ್ನು ಹಿಡಿದು, ಗಡಿಯಾರವನ್ನು ನೋಡುತ್ತ ನಿಂತಿದ್ದಳು. ಐದು ನಿಮಿಷವಾದೊಡನೆ, "ಸಾಕು ತಾತ" ಎಂದು ತಾನೇ ಎತ್ತಿಕೊಂಡಳು. ಎದೆ ಹೊಟ್ಟೆಗಳ ಮೇಲೆ ಗರಿಗಳು ಪೂರ್ತಿಯಾಗಿ ಮೂಡಿದುದು ಎಂಟನೆಯ ವಾರದ ಹೊತ್ತಿಗೆ. ಆಮೇಲೆ ಗದ್ದೆಯ ನೀರಿಗೆ ಬಿಟ್ಟೆವು. ಆ ವಯಸ್ಸಿಗೆ ಧ್ವನಿಯೂ ಬೇರೆಯಾಗುವುದು: ಗಟ್ಟಿಯಾಗಿ ಕ್ವಾಕ್ ಎನ್ನುವುದು ಹೆಣ್ಣು, ಗಂಟಲು ಕಟ್ಟಿದಂತೆ ನುಡಿಯುವುದು ಗಂಡು. ನಮ್ಮವುಗಳಲ್ಲಿ ಹೆಣ್ಣು ಐದು. ಬಾತಿನ ಪ್ಲೇಗಿನ ಲಸಿಕೆಯನ್ನು ಪಶುವೈದ್ಯರ ಸಲಹೆಯಂತೆ ಹಾಕಿಸಿದೆವು. ಐದು ತಿಂಗಳು ತುಂಬುವ ಹೊತ್ತಿಗೆ ಮೊಟ್ಟೆಗಳು ಬಂದುವು. ಬಾತುಕೋಳಿಯು ಬೆಳಗಿನ ಜಾವದಲ್ಲಿಯೇ ಮೊಟ್ಟೆಯಿಡುವುದರಿಂದ ಒಂಬತ್ತು ಗಂಟೆಯವರೆಗೆ ಹೊರಗೆ ಬಿಡಕೂಡದು. ಬಿಟ್ಟರೆ ಮೊಟ್ಟೆಗಳನ್ನು ನಾಲೆಯ ಕೆಸರಿನಲ್ಲಿ ಹುಡುಕಬೇಕಾಗುವುದು.

ಈ ತಿಂಗಳ ಕೊನೆಗೆ ಇನ್ನೂ ಹನ್ನೆರಡು ಮರಿಗಳು ಬರಲಿವೆ. ಬಿದಿರಿನ ಚಾಪೆಯನ್ನು ತೊಳೆದು ಬಿಸಿಲಿಗೆ ಹಾಕಿದ್ದೇವೆ. ನೂರು ವ್ಯಾಟಿನ ಬಲ್ಬುಗಳೆರಡನ್ನು ತಂದಿಟ್ಟಿದ್ದೇವೆ. ಬಟ್ಟೆ ನೆನೆಹಾಕುವ ಟಬ್ಬನ್ನು ಮೊಮ್ಮಗಳು ಹಿತ್ತಲಿನ ಮೂಲೆಯಲ್ಲಿ ಬೋರಲು ಹಾಕಿ, ಅದರ ಮೇಲೆ ಒಂದು ಕಲ್ಲನ್ನು ಹೇರಿಟ್ಟಿದ್ದಾಳೆ.